ಮೂಡಣ ಕಡಲಿನ ದಾರಿಯಲ್ಲಿ: ರಜೆ ದೊರೆತ ಹೋಟೆಲು ಬಂಧುಗಳಿಗೆ ಒಂದು ಅರಿಕೆ

ಕಳೆದ ಮಾರ್ಗಶಿರ ಮಾಸದ ಒಂದು ಸಂಜೆ, ಗಾಜುವಾಕದ ಹೋಟೆಲೊಂದರಲ್ಲಿ ಸಪ್ಲೈಯರ್ ಕೆಲಸದಲ್ಲಿರುವ ತರುಣರೊಬ್ಬರು ನಮ್ಮ ಕಚೇರಿಗೆ ಬಂದರು. ಪತ್ರಿಕೆಯ ಚಂದಾ ಹಣವನ್ನು ಮೇಜಿನ ಮೇಲಿಟ್ಟು, ರಸೀದಿಯನ್ನು ಜೇಬಿಗೆ ಹಾಕಿಕೊಂಡ ಮೇಲೆಯೂ ಹೊರಡದೆ ನಿಂತರು. ಏನು ಸಮಾಚಾರವೆಂದು ವಿಚಾರಿಸಿದೆವು.

“ರಾಯರೇ, ಈ ವಾರದಿಂದ ಮಂಗಳವಾರ ನಿನಗೆ ರಜೆ ಎಂದು ಧಣಿಗಳು ಹೇಳಿದ್ದಾರೆ. ರಜೆಯ ದಿನ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ಕೋಣೆಯಲ್ಲಿ ಮೊಬೈಲು ನೋಡುತ್ತ ಮಲಗಿದರೆ ಊರಿನ ನೆನಪಾಗುತ್ತದೆ. ಸಿನಿಮಾಕ್ಕೆ ಹೋದರೆ ದುಡ್ಡು ಕರಗುತ್ತದೆ. ಎಲ್ಲಿಗೆ ಹೋಗಲಿ, ತಾವೇ ಹೇಳಬೇಕು” ಎಂದರು.

ಪ್ರಶ್ನೆ ಚಿಕ್ಕದು. ಆದರೆ ಈ ಊರಿಗೆ ಬಂದು ಇಪ್ಪತ್ತನಾಲ್ಕು ವರ್ಷಗಳಾದ ನಮಗೆ ಉತ್ತರ ಕೂಡಲೇ ಹೊಳೆಯಲಿಲ್ಲವೆಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳಬೇಕಾಗಿದೆ. ಹದಿನೈದು ವರ್ಷ ನಾವೂ ಹೋಟೆಲು ನಡೆಸಿದವರು. ಬೆಳಗಿನ ಮೂರೂವರೆಗೆ ಒಲೆ ಹಚ್ಚಿಸಿ, ರಾತ್ರಿ ಹನ್ನೊಂದಕ್ಕೆ ಗಲ್ಲಾ ಎಣಿಸಿ ಮಲಗಿದ ನಮಗೆ, ಉಕ್ಕಿನ ಕಾರ್ಖಾನೆಯ ಪಾಳಿ ಬದಲಾಗುವ ಹೊತ್ತು ತಿಳಿದಿತ್ತು, ತರಕಾರಿಯ ಲಾರಿ ಬರುವ ಹೊತ್ತು ತಿಳಿದಿತ್ತು. ಕಡಲು ಯಾವ ದಿಕ್ಕಿಗಿದೆಯೆಂಬುದನ್ನು ಮಾತ್ರ ವಿಚಾರಿಸಿಕೊಳ್ಳಲು ಪುರುಸೊತ್ತಾಗಿರಲಿಲ್ಲ.

ಆ ತರುಣರಿಗೆ “ಮುಂದಿನ ಮಂಗಳವಾರ ಬೆಳಿಗ್ಗೆ ಬನ್ನಿರಿ, ಒಟ್ಟಿಗೆ ಹೋಗೋಣ” ಎಂದೆವು. ಹಾಗೆ ಹೊರಟದ್ದು ಮೂರು ತಿಂಗಳ ಅವಧಿಯಲ್ಲಿ ನಾಲ್ಕು ಪ್ರವಾಸಗಳಾದವು. ಅವುಗಳ ವಿವರವನ್ನು, ದಾರಿ ಮತ್ತು ಎಚ್ಚರಿಕೆಗಳ ಸಹಿತ, ನಮ್ಮ ಹೋಟೆಲು ಬಂಧುಗಳ ಮತ್ತು ಗುಮಾಸ್ತ ಮಿತ್ರರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇವೆ.

ಭಟ್ಟರ ಮಾತು

ಅದಕ್ಕೆ ಮೊದಲು ಒಂದು ಹಳೆಯ ಸಂಗತಿಯನ್ನು ಹೇಳಬೇಕು. ನಮ್ಮ ಹೋಟೆಲಿನಲ್ಲಿ ಬೈಂದೂರಿನ ಕಡೆಯ ಭಟ್ಟರೊಬ್ಬರು ದೋಸೆಯ ಕಾವಲಿಯ ಮುಂದೆ ಹದಿಮೂರು ವರ್ಷ ನಿಂತಿದ್ದರು. ಕಡಲಿನ ಮೊರೆತ ಕೇಳುವಷ್ಟು ಹತ್ತಿರದ ಮನೆಯಲ್ಲಿ ಹುಟ್ಟಿ ಬೆಳೆದವರು. ಒಮ್ಮೆ ಅವರು, “ರಾಯರೇ, ಇಲ್ಲಿಯೂ ಕಡಲಿದೆಯಂತೆ, ಒಂದು ದಿನ ಹೋಗಿ ನೋಡಿ ಬರಲೇ?” ಎಂದು ಕೇಳಿದ್ದರು. ಆ ವಾರ ಮದುವೆಯ ಊಟಗಳಿದ್ದುವು. “ಮುಂದಿನ ವಾರ ನೋಡೋಣ ಭಟ್ಟರೇ” ಎಂದೆವು. ಮುಂದಿನ ವಾರ ಇನ್ನೊಂದು ಕಾರಣ. ಅವರು ಎರಡನೆಯ ಸಲ ಕೇಳುವವರಲ್ಲ. ನಮಗೂ ನೆನಪು ಮಾಡಿಕೊಳ್ಳಬೇಕೆನಿಸಲಿಲ್ಲ. ಕಡೆಗೆ ಮೊಣಕಾಲಿನ ನೋವು ಹೆಚ್ಚಾಗಿ ಅವರು ಊರಿಗೆ ಮರಳಿದರು. ಗಾಜುವಾಕದಿಂದ ಯಾರಾಡ ಕಡಲ ತೀರಕ್ಕೆ ಹನ್ನೆರಡು ಕಿಲೋಮೀಟರಿನ ಆಸುಪಾಸು. ಹದಿಮೂರು ವರ್ಷಗಳಲ್ಲಿ ಆ ದೂರವನ್ನು ಕ್ರಮಿಸಲು ಅವರಿಗೆ ಒಂದು ದಿನವನ್ನು ನಾವು ಕೊಡಲಿಲ್ಲ.

ರಜೆ ಕೊಡುವುದು ಧಣಿಯ ಔದಾರ್ಯವೆಂದು ಆಗ ತಿಳಿದಿದ್ದೆವು. ಅದು ತಪ್ಪು. ಈ ರಾಜ್ಯದ 1988ರ ಅಂಗಡಿ ಮತ್ತು ಸಂಸ್ಥೆಗಳ ಶಾಸನದಂತೆ ವಾರಕ್ಕೊಂದು ದಿನದ ರಜೆಯು ಕೆಲಸಗಾರನ ಹಕ್ಕು. ಶಾಸನದ ಪ್ರತಿ ನಮ್ಮ ಗಲ್ಲಾದ ಕೆಳಗಿನ ಪೆಟ್ಟಿಗೆಯಲ್ಲಿಯೇ ಇತ್ತು.

ಮೊದಲನೆಯ ಮಂಗಳವಾರ: ಯಾರಾಡ

ನಾವು ಐದು ಮಂದಿ: ಆ ತರುಣರು, ಅವರ ಜೊತೆಯ ಇಬ್ಬರು, ಸರಕು ಸಾಗಣೆಯ ಕಚೇರಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತರೊಬ್ಬರು ಮತ್ತು ನಾವು. ಬೆಳಗಿನ ನಾಲ್ಕೂವರೆಗೆ ಆಟೋ ಹಿಡಿದು ಹೊರಟೆವು. ಶ್ರೀಹರಿಪುರ, ಮಲ್ಕಾಪುರಗಳನ್ನು ದಾಟಿದರೆ ಸಿಂಧಿಯಾ. ಪೇಟೆಗೆ ಈ ಹೆಸರು ಬಂದದ್ದು ಸಿಂಧಿಯಾ ಹಡಗು ಕಂಪೆನಿಯಿಂದ. ವಾಲಚಂದ ಹೀರಾಚಂದರು 1941ರಲ್ಲಿ ಇಲ್ಲಿ ಹಡಗು ಕಟ್ಟುವ ಕಾರ್ಖಾನೆಗೆ ಅಡಿಗಲ್ಲು ಹಾಕಿಸಿದರು. ಸ್ವತಂತ್ರ ಭಾರತದಲ್ಲಿ ನೀರಿಗಿಳಿದ ಮೊದಲ ದೊಡ್ಡ ಹಡಗಾದ ‘ಜಲ ಉಷಾ’ವನ್ನು 1948ರಲ್ಲಿ ಪಂಡಿತ ನೆಹರೂ ಅವರು ಇಲ್ಲಿಯೇ ತೇಲಿಬಿಟ್ಟರು.

ಸಿಂಧಿಯಾದಿಂದ ಮುಂದೆ ರಸ್ತೆಯು ಗುಡ್ಡವನ್ನು ಏರುತ್ತದೆ. ಕಡಲೊಳಕ್ಕೆ ಮೂತಿ ಚಾಚಿಕೊಂಡಿರುವ ಈ ಗುಡ್ಡದ ತುದಿಗೇ ‘ಡಾಲ್ಫಿನ್ ನೋಸ್’ ಎಂದು ಹೆಸರು. ಈ ಗುಡ್ಡದ ಮರೆಯಲ್ಲಿ ಅಲೆಗಳ ಹೊಡೆತ ತಗ್ಗುವುದರಿಂದಲೇ ವಿಶಾಖಪಟ್ಟಣಕ್ಕೆ ಬಂದರು ಒದಗಿತು. 1933ರಲ್ಲಿ ಅದು ಹಡಗುಗಳಿಗೆ ತೆರೆಯಿತು. ಗುಡ್ಡದ ಸುತ್ತಮುತ್ತ ನೌಕಾಪಡೆಯ ನೆಲೆಗಳಿವೆ. ಫಲಕಗಳಲ್ಲಿ ನಿಷೇಧಿಸಿರುವ ಕಡೆ ಚಿತ್ರ ತೆಗೆಯಬಾರದು. ತಡೆದವರೊಡನೆ ವಾದಕ್ಕೆ ನಿಲ್ಲಬಾರದು.

ಏರು ಮುಗಿದು ಇಳಿಜಾರು ತೊಡಗುವ ತಿರುವಿನಲ್ಲಿ ಆಟೋದವರು ತಾವಾಗಿಯೇ ಗಾಡಿ ನಿಲ್ಲಿಸಿದರು. ಕೆಳಗೆ ತೆಂಗಿನ ತೋಟಗಳು, ಅವುಗಳಾಚೆ ಬಿಲ್ಲಿನಂತೆ ಬಾಗಿದ ಮರಳು, ಅದರಾಚೆ ಇನ್ನೂ ಕಪ್ಪಾಗಿದ್ದ ನೀರು. ಮೂರೂ ಹುಡುಗರು ಒಂದು ಮಾತನ್ನೂ ಆಡಲಿಲ್ಲ. ಕಡೆಗೆ ಅವರಲ್ಲಿ ಕಿರಿಯನಾದವನು, “ಇದು ನಮ್ಮ ಕಡೆಯ ಹಾಗೆಯೇ ಇದೆಯಲ್ಲ!” ಎಂದನು. ಕುಂದಾಪುರದಿಂದ ಬಂದು ನಾಲ್ಕು ವರ್ಷವಾಗಿರುವ ಆ ಹುಡುಗನು ಈ ಊರೆಂದರೆ ಹೊಗೆ, ಲಾರಿ ಮತ್ತು ಹೆದ್ದಾರಿ ಎಂದೇ ತಿಳಿದಿದ್ದನು.

ಮರಳಿಗೆ ಇಳಿದು ನಿಂತ ಕಾಲು ಗಂಟೆಗೆ ಸೂರ್ಯೋದಯವಾಯಿತು. ಪಡುವಣ ಕಡಲಿನ ಮಕ್ಕಳಾದ ನಾವು ಹುಟ್ಟಿದಂದಿನಿಂದ ಸೂರ್ಯನು ಕಡಲಿನಲ್ಲಿ ಮುಳುಗುವುದನ್ನು ಕಂಡವರು. ಮಲ್ಪೆಯಲ್ಲಾಗಲಿ ಮರವಂತೆಯಲ್ಲಾಗಲಿ ಕಡಲೆಂದರೆ ಸಂಜೆಯ ನೋಟ. ದಿನದ ಕೆಲಸ ಮುಗಿಸಿ ನೋಡುವಂಥದು. ಇಲ್ಲಿ ಸೂರ್ಯನು ನೀರಿನಿಂದಲೇ ಮೇಲೇಳುತ್ತಾನೆ. ಕಡಲೆಂದರೆ ಬೆಳಗಿನ ನೋಟ. ಆದುದರಿಂದ ಯಾರಾಡಕ್ಕೆ ಹೋಗುವವರು ರಜೆಯ ದಿನವೆಂದು ಎಂಟರವರೆಗೆ ಮಲಗಿ, ಬಿಸಿಲೇರಿದ ಮೇಲೆ ಹೊರಡಬಾರದು. ನಮ್ಮ ಬಂಧುಗಳಿಗೆ ಮೂರೂವರೆಗೆ ಏಳುವ ಅಭ್ಯಾಸ ಹೇಗೂ ಇದೆ. ಒಂದು ದಿನ ಅದು ಅವರ ಸ್ವಂತದ ಕೆಲಸಕ್ಕೆ ಬರಲಿ.

ತೀರದಲ್ಲಿ ಬೆಸ್ತರು ದೋಣಿಗಳನ್ನು ಮೇಲಕ್ಕೆಳೆಯುತ್ತಿದ್ದರು. ಅವರೊಡನೆ ಮಾತಿಗೆ ನಿಂತೆವು. ದೊಡ್ಡ ಬಲೆಯನ್ನು ಕಡಲಿನಲ್ಲಿ ಬಳಸಿ ತಂದು, ಎರಡು ತುದಿಗಳನ್ನೂ ದಡದಿಂದ ಎಳೆಯುವ ಪದ್ಧತಿಗೆ ನಮ್ಮಲ್ಲಿ ರಂಪಣಿ ಎನ್ನುವರು. ಇಲ್ಲಿ ಅದು ‘ಪೆದ್ದವಲ’. ಯಂತ್ರದ ದೋಣಿಗಳು ಹೆಚ್ಚಿದ ಮೇಲೆ ನಮ್ಮ ಕರಾವಳಿಯಲ್ಲಿ ರಂಪಣಿಯು ಕ್ಷೀಣಿಸಿದ ಕಥೆಯನ್ನು ಹೇಳಿದಾಗ, ಅಲ್ಲಿಯ ಹಿರಿಯರೊಬ್ಬರು ತಲೆದೂಗಿ, ಇಲ್ಲಿಯೂ ಅದೇ ಕಥೆಯೆಂದರು. ಮೀನಿನ ಸಂತಾನ ಬೆಳೆಯಲೆಂದು ಯಂತ್ರದ ದೋಣಿಗಳಿಗೆ ವಿಧಿಸುವ ನಿಷೇಧವು ಮೂಡಣ ಕಡಲಿನಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಪಡುವಣ ಕಡಲಿನಲ್ಲಿ ಜೂನ್ ಮತ್ತು ಜುಲೈ. ತಿಂಗಳು ಬೇರೆ, ಆ ತಿಂಗಳುಗಳಲ್ಲಿ ಬೆಸ್ತರ ಮನೆಯ ಚಿಂತೆ ಒಂದೇ.

ಎಂಟು ಗಂಟೆಗೆ ಮರಳಿದೆವು. ತಲೆಗೆ ಬಿದ್ದ ವೆಚ್ಚವು ಒಂದು ಸಿನಿಮಾ ಮತ್ತು ತಿಂಡಿಯ ವೆಚ್ಚಕ್ಕಿಂತ ಹೆಚ್ಚಾಗಲಿಲ್ಲ.

ಎರಡನೆಯ ಮಂಗಳವಾರ: ತೊಟ್ಲಕೊಂಡದಿಂದ ಭೀಮಿಲಿಗೆ

ಪೂರ್ತಿ ದಿನದ ರಜೆಯಿದ್ದವರು ಭೀಮುನಿಪಟ್ಟಣಕ್ಕೆ ಹೋಗಬೇಕು. ಜನರ ಬಾಯಲ್ಲಿ ಅದು ಭೀಮಿಲಿ. ಗಾಜುವಾಕದಿಂದ ನಗರದ ಬಸ್ಸಿನಲ್ಲಿ ಕಾಂಪ್ಲೆಕ್ಸಿಗೆ ಹೋಗಿ, ಅಲ್ಲಿಂದ ಕಡಲ ದಾರಿಯಲ್ಲಿ ಸಾಗುವ ಭೀಮಿಲಿಯ ಬಸ್ಸನ್ನು ಹಿಡಿಯುವುದು. ಬಲಗಡೆಯ ಕಿಟಕಿಯ ಪಕ್ಕ ಕುಳಿತರೆ ದಾರಿಯುದ್ದಕ್ಕೂ ಕಡಲು ಕಾಣುತ್ತದೆ. ಋಷಿಕೊಂಡದ ತೀರವು ಈ ದಾರಿಯಲ್ಲಿಯೇ ಸಿಕ್ಕುತ್ತದೆ. 2020ರಲ್ಲಿ ಭಾರತದ ಎಂಟು ತೀರಗಳಿಗೆ ಸ್ವಚ್ಛತೆ ಮತ್ತು ಸುರಕ್ಷತೆಗಾಗಿ ‘ಬ್ಲೂ ಫ್ಲ್ಯಾಗ್’ ಎಂಬ ಅಂತರರಾಷ್ಟ್ರೀಯ ಮನ್ನಣೆ ದೊರೆತಾಗ, ಅವುಗಳಲ್ಲಿ ಋಷಿಕೊಂಡವೂ ಒಂದು. ನಮ್ಮ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಇನ್ನೆರಡು.

ನಗರದಿಂದ ಸುಮಾರು ಹದಿನೈದು ಕಿಲೋಮೀಟರಿನಲ್ಲಿ ಎಡಕ್ಕೆ ತೊಟ್ಲಕೊಂಡ. ಹೆಸರಿನ ಅರ್ಥಕ್ಕೆ ನಮಗೆ ದುಭಾಷಿ ಬೇಕಿಲ್ಲ. ಬಂಡೆಯಲ್ಲಿ ನೀರಿನ ತೊಟ್ಟಿಗಳನ್ನು ಕೊರೆದಿರುವುದರಿಂದ ಅದು ತೊಟ್ಟಿಗಳ ಗುಡ್ಡ. ಅದರ ನೆರೆಯ ಇನ್ನೊಂದು ಗುಡ್ಡ ಬಾವಿಕೊಂಡ. ಅದು ಬಾವಿಗಳ ಗುಡ್ಡ. ಸಮುದ್ರಮಟ್ಟದಿಂದ ಸುಮಾರು 128 ಮೀಟರು ಎತ್ತರದ ತೊಟ್ಲಕೊಂಡದ ಮೇಲೆ ಎರಡು ಸಾವಿರ ವರ್ಷಗಳ ಹಿಂದೆ ಬೌದ್ಧ ಭಿಕ್ಷುಗಳ ವಿಹಾರವಿತ್ತು. 1970ರ ದಶಕದಲ್ಲಿ ನೌಕಾಪಡೆಯವರು ಈ ಭಾಗವನ್ನು ವಿಮಾನದಿಂದ ಸಮೀಕ್ಷೆ ಮಾಡಿದಾಗ ಇಲ್ಲಿಯ ಅವಶೇಷಗಳು ಕಣ್ಣಿಗೆ ಬಿದ್ದುವು. 1988ರಿಂದ 1993ರವರೆಗೆ ರಾಜ್ಯದ ಪುರಾತತ್ತ್ವ ಇಲಾಖೆಯು ಅಗೆದು ನೋಡಿದಾಗ ಸ್ತೂಪ, ಚೈತ್ಯ, ಭಿಕ್ಷುಗಳ ಕೋಣೆಗಳು ಹೊರಬಂದುವು. ಶಾತವಾಹನರ ನಾಣ್ಯಗಳೊಡನೆ ರೋಮಿನ ಬೆಳ್ಳಿಯ ನಾಣ್ಯಗಳೂ ದೊರೆತುವು. ಆ ಕಾಲದಲ್ಲಿಯೇ ಈ ತೀರಕ್ಕೆ ಎಷ್ಟು ದೂರದ ವ್ಯಾಪಾರದ ನಂಟಿತ್ತೆಂಬುದಕ್ಕೆ ಈ ನಾಣ್ಯಗಳೇ ಸಾಕ್ಷಿ.

ನಮ್ಮ ಸಂಗಡಿಗರಿಗೆ ಸ್ತೂಪಕ್ಕಿಂತ ಹೆಚ್ಚು ಹಿಡಿಸಿದ್ದು ಬೇರೊಂದು. ಅಲ್ಲಿ ಭಿಕ್ಷುಗಳ ಅಡಿಗೆಮನೆ, ಉಗ್ರಾಣ ಮತ್ತು ಸಾಲಾಗಿ ಕುಳಿತು ಉಣ್ಣುವ ಭೋಜನಶಾಲೆಯ ತಳಪಾಯಗಳು ಇವೆ. ಹುಡುಗರು ಅದರ ಉದ್ದಗಲವನ್ನು ಹೆಜ್ಜೆಯಲ್ಲಿ ಅಳೆದರು. ಒಂದು ಪಂಕ್ತಿಗೆ ಎಷ್ಟು ಮಂದಿ ಕುಳಿತಿರಬಹುದು, ನೀರು ಯಾವ ತೊಟ್ಟಿಯಿಂದ ಬರುತ್ತಿದ್ದಿರಬಹುದು, ಬಡಿಸುವವರು ಯಾವ ಬಾಗಿಲಿನಿಂದ ಬರುತ್ತಿದ್ದಿರಬಹುದು ಎಂದು ಅವರಲ್ಲಿ ಚರ್ಚೆ ನಡೆಯಿತು. ಗುಮಾಸ್ತ ಮಿತ್ರರು, “ಇಷ್ಟು ಮಂದಿಗೆ ಅಕ್ಕಿಯನ್ನು ಈ ಗುಡ್ಡಕ್ಕೆ ಹೊತ್ತವರ ಲೆಕ್ಕವನ್ನು ಯಾರು ಬರೆದಿಟ್ಟಿದ್ದರೋ!” ಎಂದರು. ಅರಸರ ಹೆಸರು ನಾಣ್ಯದಲ್ಲಿ ಉಳಿದಿದೆ. ಅನ್ನ ಬೇಯಿಸಿದವರ ಹೆಸರು ಉಳಿದಿಲ್ಲ, ಅವರ ಒಲೆಯ ಸ್ಥಳ ಉಳಿದಿದೆ. ಅದನ್ನು ನೋಡಿ ನಮ್ಮ ಹುಡುಗರ ಮುಖದಲ್ಲಿ ಮೂಡಿದ ಗೌರವವನ್ನು ನಾವು ಮರೆಯುವಂತಿಲ್ಲ.

ಅಲ್ಲಿಂದ ಮುಂದೆ, ಭೀಮಿಲಿಗೆ ಸ್ವಲ್ಪ ಈಚೆ, ಎರ್ರಮಟ್ಟಿ ದಿಬ್ಬಲು. ದಿಬ್ಬವೆಂಬ ಮಾತು ನಮ್ಮಲ್ಲಿಯೂ ಅದೇ. ‘ಎರ್ರ’ ಎಂದರೆ ಕೆಂಪು. ಕಡಲಿನ ಪಕ್ಕದಲ್ಲಿ ಕೆಂಪು ಮರಳಿನ ದಿಬ್ಬಗಳು. ಸಾವಿರಾರು ವರ್ಷಗಳಲ್ಲಿ ಗಾಳಿಯು ತಂದು ಒಟ್ಟಿದ ಮರಳು ಗಟ್ಟಿಯಾಗಿ, ಮಳೆಯ ನೀರು ಅದನ್ನು ಕೊರೆದು, ಆಳವಾದ ಓಣಿಗಳಾಗಿವೆ. ಮರಳಿನ ಕಣಗಳಿಗೆ ಅಂಟಿರುವ ಕಬ್ಬಿಣದ ಅಂಶವೇ ಈ ಕೆಂಪಿಗೆ ಕಾರಣ. ಇಂಥ ಕೆಂಪು ಮರಳು ತಮಿಳುನಾಡಿನ ತೆಂಕಣ ತೀರದಲ್ಲಿಯೂ ಸಿಂಹಳದಲ್ಲಿಯೂ ಇದೆ, ಬೇರೆಡೆ ಅಪರೂಪ. ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯು ಇದನ್ನು ಕಾಪಾಡಬೇಕಾದ ಭೂವೈಜ್ಞಾನಿಕ ತಾಣವೆಂದು ಸಾರಿದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳಿಗೂ ಇಂಥದೇ ಮನ್ನಣೆಯಿದೆ.

ಈ ಓಣಿಗಳಲ್ಲಿ ನಡೆಯುವುದೇ ಒಂದು ಸುಖ. ಇಕ್ಕೆಲದಲ್ಲಿ ಕೆಂಪು ಗೋಡೆ, ಮೇಲೆ ಗೇರು ಮತ್ತು ತಾಳೆಯ ಮರಗಳು, ಕಾಲಡಿಯಲ್ಲಿ ಮೆತ್ತನೆಯ ಮರಳು. ಆದರೆ ಓಣಿಗೆ ಓಣಿ ಕೂಡಿ ದಾರಿ ತಪ್ಪುವುದು ಸುಲಭ. ಒಬ್ಬೊಬ್ಬರೇ ಹೋಗಬಾರದು, ಹೊತ್ತು ಮುಳುಗುವ ಮೊದಲೇ ರಸ್ತೆಗೆ ಬಂದುಬಿಡಬೇಕು. ಗೋಡೆಗಳನ್ನು ಹತ್ತಿ ಕೆಡಹಬಾರದು, ಹೆಸರು ಕೊರೆಯಬಾರದು. ಒಂದು ಮಳೆಗಾಲಕ್ಕೆ ಅಳಿಯುವ ಹೆಸರಿಗಾಗಿ ಸಾವಿರಾರು ವರ್ಷಗಳ ದಿಬ್ಬವನ್ನು ಗಾಯಗೊಳಿಸುವುದು ವಿವೇಕವಲ್ಲ.

ಮಧ್ಯಾಹ್ನಕ್ಕೆ ಭೀಮಿಲಿ ಸೇರಿದೆವು. ಅನಂತಗಿರಿಯ ಬೆಟ್ಟಗಳಲ್ಲಿ ಹುಟ್ಟಿ, ಬೊರ್ರಾ ಗುಹೆಗಳ ಬದಿಯಿಂದ ಹರಿದುಬರುವ ಗೋಸ್ತನೀ ನದಿಯು ಇಲ್ಲಿ ಕಡಲನ್ನು ಕೂಡುತ್ತದೆ. ಭೀಮಸೇನನು ಬಕಾಸುರನನ್ನು ಕೊಂದ ಸ್ಥಳವೆಂದು ಊರಿನವರ ನಂಬಿಕೆ. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಇಲ್ಲಿ ಕೋಠಿ ಕಟ್ಟಿದರು. 1825ರಲ್ಲಿ ಅದು ಆಂಗ್ಲರ ವಶವಾಯಿತು. ಡಚ್ಚರ ಹಳೆಯ ಸ್ಮಶಾನ ಇಂದಿಗೂ ಕಡಲಿನ ಸಮೀಪದಲ್ಲಿದೆ. ಸಮಾಧಿಗಳ ಮೇಲಿನ ಬರಹವನ್ನು ಓದಲು ಆಗದಿದ್ದರೂ ಅವುಗಳ ಅರ್ಥ ತಿಳಿಯದೆ ಹೋಗದು. ಹೊಟ್ಟೆಯ ಪಾಡಿಗಾಗಿ ದೂರದಿಂದ ಬಂದು, ಊರಿಗೆ ಮರಳದೆ ಹೋದವರು ಅವರು.

1861ರಲ್ಲಿಯೇ ಪುರಸಭೆ ಪಡೆದ ಊರು ಭೀಮಿಲಿ. ದೇಶದ ಅತಿ ಹಳೆಯ ಪುರಸಭೆಗಳಲ್ಲಿ ಅದೂ ಒಂದಾಗಿತ್ತು. ಒಂದು ಕಾಲಕ್ಕೆ ಹಡಗುಗಳು ಬಂದು ನಿಲ್ಲುತ್ತಿದ್ದ ಬಂದರು. ವಿಶಾಖಪಟ್ಟಣದ ಬಂದರು ಬೆಳೆದಂತೆ ಇದರ ವ್ಯಾಪಾರ ಇಳಿದು, ಈಗ ದೀಪಸ್ತಂಭ, ಗಡಿಯಾರದ ಗೋಪುರ, ಹಳೆಯ ಇಗರ್ಜಿ, ಹೆಂಚಿನ ಮನೆಗಳು, ಬೆಸ್ತರ ಕೇರಿ ಉಳಿದಿವೆ. ಗದ್ದಲವಿಲ್ಲದ ಬೀದಿಗಳಲ್ಲಿ ಒಂದು ಗಂಟೆ ಸುಮ್ಮನೆ ನಡೆದೆವು. ಕಾಲಿನಲ್ಲಿ ಕಸುವಿದ್ದವರು ಊರಿನ ಬಳಿಯ ಪಾವುರಾಲಕೊಂಡವನ್ನು ಹತ್ತಬಹುದು. ಇಲ್ಲಿಯೂ ಬೌದ್ಧರ ಕಾಲದ ತೊಟ್ಟಿಗಳಿವೆ, ನರಸಿಂಹಸ್ವಾಮಿಯ ಗುಡಿಯಿದೆ, ಮೇಲಿನಿಂದ ನದಿಯೂ ಕಡಲೂ ಒಂದೇ ನೋಟಕ್ಕೆ ಸಿಕ್ಕುತ್ತವೆ.

ಸಂಜೆ ಮರಳ ದಂಡೆಯಲ್ಲಿ ಕುಳಿತು ‘ಮುರಿ ಮಿಕ್ಸ್ಚರ್’ ತಿಂದೆವು. ಮುರಿ ಎಂದರೆ ಮಂಡಕ್ಕಿ. ಈರುಳ್ಳಿ, ಹಸಿಮೆಣಸು, ನಿಂಬೆಹುಳಿ ಬೆರೆಸಿದ ನಮ್ಮ ಚುರುಮುರಿಯೇ ಅದು. “ನಾಲ್ಕು ಹನಿ ತೆಂಗಿನೆಣ್ಣೆ ಬಿದ್ದಿದ್ದರೆ ಊರಿನದೇ ರುಚಿ” ಎಂದು ನಮ್ಮ ಸಪ್ಲೈಯರ್ ತರುಣರು ತೀರ್ಪು ಕೊಟ್ಟರು. ಮಾರುತ್ತಿದ್ದ ತಾಯಿಗೂ ಅದನ್ನು ತೆಲುಗಿನಲ್ಲಿ ತಿಳಿಸಿದರು. ಆಕೆ ನಕ್ಕು ಇನ್ನೊಂದು ಹಿಡಿ ಹಾಕಿದಳು. ಸದಾ ಬಡಿಸುವ ಕೈಗಳಿಗೆ ಇನ್ನೊಬ್ಬರು ಬಡಿಸಿದ ಆ ಗಳಿಗೆಗಾಗಿ ಆ ದಿನದ ಪ್ರಯಾಣ ಸಾರ್ಥಕವೆನಿಸಿತು.

ಎರಡು ದಿನ ಬಿಡುವಿದ್ದವರಿಗೆ: ಶ್ರೀಕೂರ್ಮ

ಸಂಕ್ರಾಂತಿಗೆ ಎರಡು ದಿನ ಹೋಟೆಲು ಮುಚ್ಚಿದಾಗ ಶ್ರೀಕಾಕುಳದ ಕಡೆಗೆ ಹೊರಟೆವು. ವಿಶಾಖಪಟ್ಟಣದಿಂದ ರೈಲಿನಲ್ಲಿ ಆಮದಾಲವಲಸದ ಶ್ರೀಕಾಕುಳಂ ರೋಡ್ ನಿಲ್ದಾಣ. ಅಲ್ಲಿಂದ ಬಸ್ಸಿನಲ್ಲಿ ಶ್ರೀಕಾಕುಳ. ಮತ್ತೆ ಹದಿನೈದು ಕಿಲೋಮೀಟರಿನೊಳಗೆ ಶ್ರೀಕೂರ್ಮ. ಗದ್ದೆಗಳ ನಡುವಿನ, ಕಡಲಿಗೆ ಸಮೀಪದ ಹಳ್ಳಿ. ವಿಷ್ಣುವನ್ನು ಕೂರ್ಮರೂಪದಲ್ಲಿ ಪೂಜಿಸುವ ಪ್ರಸಿದ್ಧ ದೇವಾಲಯ ಇಲ್ಲಿದೆ. ದೇವಾಲಯದ ಆವರಣದಲ್ಲಿ ನಕ್ಷತ್ರದ ಗೆರೆಗಳುಳ್ಳ ಆಮೆಗಳನ್ನು ಸಾಕಿದ್ದಾರೆ.

ಉಡುಪಿಯ ಸೀಮೆಯವರಿಗೆ ಈ ಊರು ಪರಕೀಯವಲ್ಲ. ಶ್ರೀ ಮಧ್ವಾಚಾರ್ಯರ ನೇರ ಶಿಷ್ಯರಾದ ಶ್ರೀ ನರಹರಿತೀರ್ಥರು ಕಳಿಂಗದ ಗಂಗ ಅರಸರ ಕಾಲದಲ್ಲಿ ಈ ನಾಡಿನ ಆಡಳಿತದ ಹೊಣೆಯನ್ನು ಹೊತ್ತಿದ್ದರು. ಅವರ 1281ರ ಶಾಸನವು ಈ ದೇವಾಲಯದಲ್ಲಿಯೇ ಇದೆ. ಕನ್ನಡದಲ್ಲಿ ದೇವರ ನಾಮಗಳನ್ನು ರಚಿಸಿ ಹರಿದಾಸ ಪರಂಪರೆಗೆ ನಾಂದಿ ಹಾಡಿದವರೆಂದೂ ಅವರನ್ನು ಸ್ಮರಿಸುವುದುಂಟು. ಏಳುನೂರು ವರ್ಷಗಳ ಹಿಂದೆ, ರೈಲು ರಸ್ತೆಗಳಿಲ್ಲದ ಕಾಲದಲ್ಲಿ, ಪಡುವಣ ಕಡಲಿಗೂ ಮೂಡಣ ಕಡಲಿಗೂ ನಡುವೆ ಜನ ನಡೆದಿದ್ದರು, ಮಾತು ನಡೆದಿತ್ತು. ಈ ದಾರಿಯಲ್ಲಿ ಮೊದಲು ಬಂದವರು ನಾವಲ್ಲ.

ಇನ್ನೊಂದು ವಿಶೇಷವನ್ನು ನಮ್ಮ ಗುಮಾಸ್ತ ಮಿತ್ರರು ಗಮನಿಸಿದರು. ಶ್ರೀಕೂರ್ಮದ ದೇವರು ಪಶ್ಚಿಮಾಭಿಮುಖ. ಆದುದರಿಂದ ಇಲ್ಲಿ ಎರಡು ಧ್ವಜಸ್ತಂಭಗಳಿವೆ. ಉಡುಪಿಯ ಕೃಷ್ಣನೂ ಪಶ್ಚಿಮಾಭಿಮುಖ. ಅಲ್ಲಿ ದೇವರ ದೃಷ್ಟಿ ಕಡಲಿನ ಕಡೆಗೆ; ಇಲ್ಲಿ ಕಡಲಿಗೆ ಬೆನ್ನು ಮಾಡಿ ನಾಡಿನ ಕಡೆಗೆ. “ನಮ್ಮೂರಿನ ಕಡೆಗೇ ನೋಡುತ್ತಿದ್ದಾನೆ ಎನ್ನಿ” ಎಂದು ಕಿರಿಯ ಹುಡುಗನು ಕೈಮುಗಿದನು.

ಮರುದಿನ ಬೆಳಿಗ್ಗೆ ಕಳಿಂಗಪಟ್ಟಣಕ್ಕೆ ಹೋದೆವು. ವಂಶಧಾರಾ ನದಿಯು ಕಡಲು ಸೇರುವ ಸ್ಥಳ. ಹಳೆಯ ಬಂದರು, ಒಂದು ದೀಪಸ್ತಂಭ, ಉದ್ದನೆಯ ಮರಳದಂಡೆ. ನದಿಯ ಅಳಿವೆಯಲ್ಲಿ ನೀರು ಶಾಂತವಾಗಿ ಕಂಡರೂ ಒಳಗೆ ಸೆಳೆತವಿದೆ. ದಂಡೆಯ ಮೇಲೆ ನಡೆದು, ತಂದಿದ್ದ ಅವಲಕ್ಕಿ ತಿಂದು, ಹಿಂತಿರುಗಿದೆವು.

ವಿಜಯವಾಡದ ಬಂಧುಗಳಿಗೆ

ಪತ್ರಿಕೆಯ ಕೆಲಸದ ಮೇಲೆ ವಿಜಯವಾಡಕ್ಕೆ ಹೋದಾಗ ಅಲ್ಲಿಯ ಬಂಧುಗಳು, “ನಮಗೆ ಕಡಲೆಲ್ಲಿದೆ?” ಎಂದು ಆಕ್ಷೇಪಿಸಿದರು. ಅವರಿಗೆ ಕಡಲು ದೂರವಾದರೂ ನದಿ ಹತ್ತಿರವಿದೆ. ಪ್ರಕಾಶಂ ಬ್ಯಾರೇಜಿನ ಕೆಳಗೆ ಹರಿಯುವ ಕೃಷ್ಣೆಯು ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ, ರಾಯಚೂರಿನ ಅಂಚನ್ನು ತೊಳೆದು ಬಂದವಳು. ಅವಳನ್ನೇ ಹಿಂಬಾಲಿಸಿ ಅವನಿಗಡ್ಡ, ಕೋಡೂರುಗಳ ಮೇಲೆ ಹೋದರೆ ಹಂಸಲದೀವಿ. ಅಲ್ಲಿ ವೇಣುಗೋಪಾಲಸ್ವಾಮಿಯ ಗುಡಿ. ಅದರಾಚೆ ಕೃಷ್ಣೆಯು ಕಡಲನ್ನು ಕೂಡುವ ಸಂಗಮ. ಸಂಗಮದಲ್ಲಿ ಮಿಂದ ಕಾಗೆಯು ಹಂಸವಾಯಿತೆಂದು ಸ್ಥಳಪುರಾಣ.

ಒಂದೇ ದಿನದಲ್ಲಿ ಹೋಗಿಬರುವವರಿಗೆ ಮಚಲೀಪಟ್ಟಣ ಅನುಕೂಲ. ಡಚ್ಚರು 1605ರಲ್ಲಿ, ಆಂಗ್ಲರು 1611ರಲ್ಲಿ ವ್ಯಾಪಾರಕ್ಕೆ ಬಂದಿಳಿದ ಬಂದರು ಅದು. ಊರಾಚೆ ಮಂಗಿನಪೂಡಿಯ ತೀರವಿದೆ; ಸಮೀಪದ ಪೆಡನದಲ್ಲಿ ಕಲಂಕಾರಿ ಬಟ್ಟೆಗೆ ಅಚ್ಚೊತ್ತುವುದನ್ನು ನೋಡಬಹುದು. ಹಿಂತಿರುಗುವಾಗ ಬಂದರು ಲಡ್ಡನ್ನು ಕಟ್ಟಿಸಿಕೊಂಡು ಬರಲು ನಮ್ಮ ಬಂಧುಗಳಿಗೆ ಹೇಳಿಕೊಡಬೇಕಾಗಿಲ್ಲ.

ಕೆಲವು ಎಚ್ಚರಿಕೆಗಳು

ಕರಾವಳಿಯವರಾದ ನಮಗೆ ಕಡಲೆಂದರೆ ಸಲಿಗೆ. ಆ ಸಲಿಗೆಯೇ ಇಲ್ಲಿ ಅಪಾಯ. ವಿಶಾಖಪಟ್ಟಣದ ಸುತ್ತಲಿನ ತೀರಗಳಲ್ಲಿ, ಯಾರಾಡದಲ್ಲಿಯೂ ಸೇರಿ, ಒಳಸೆಳೆತಕ್ಕೆ ಸಿಕ್ಕಿ ಜೀವ ಕಳೆದುಕೊಂಡವರ ಸುದ್ದಿಯನ್ನು ನಾವು ಮತ್ತೆ ಮತ್ತೆ ಅಚ್ಚು ಹಾಕಬೇಕಾಗಿದೆ. ಅಲೆಯ ಮಟ್ಟದಲ್ಲಿ ಕಾಲು ತೊಳೆಯುವುದು ಸಾಕು. ಈಜು ಬಲ್ಲೆನೆಂಬ ಧೈರ್ಯ ಬೇಡ. ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ನೇರವಾಗಿ ಈಜಿ ದಣಿಯಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತವನ್ನು ದಾಟಿದ ಮೇಲೆ ದಡಕ್ಕೆ ತಿರುಗಬೇಕು.

ಎರಡನೆಯದು, ಋತುವಿನ ವ್ಯತ್ಯಾಸ. ನಮ್ಮೂರಿನ ಕಡಲು ಆಷಾಢ, ಶ್ರಾವಣಗಳಲ್ಲಿ ಕೆರಳುತ್ತದೆ. ಇಲ್ಲಿ ಭಯವಿರುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಚಂಡಮಾರುತಗಳದು. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತವು ಈ ನಗರದ ಮೇಲೆಯೇ ಬಂದೆರಗಿದಾಗ ಮುರಿದ ಮರಗಳನ್ನೂ, ದಿನಗಟ್ಟಲೆ ದೀಪವಿಲ್ಲದ ಬೀದಿಗಳನ್ನೂ ಕಂಡವರು ನಮ್ಮಲ್ಲಿ ಹಲವರಿದ್ದಾರೆ. 1977ರ ನವೆಂಬರ್ 19ರಂದು ದಿವಿಸೀಮೆಗೆ ಬಡಿದ ಚಂಡಮಾರುತದಲ್ಲಿ ಸಾವಿರಾರು ಮಂದಿ ಮಡಿದರು. ಆ ತಿಂಗಳುಗಳಲ್ಲಿ ಹವಾಮಾನದ ವರದಿಯನ್ನು ಓದಿಯೇ ಹೊರಡಬೇಕು.

ಮೂರನೆಯದಾಗಿ, ಊಟದ ಪೊಟ್ಟಣದ ಕಾಗದ ಮತ್ತು ಪ್ಲಾಸ್ಟಿಕ್ಕನ್ನು ಹಿಂದಕ್ಕೆ ತರಬೇಕು. ಮೇಜು ಒರೆಸುವ ಕಷ್ಟವನ್ನು ಬಲ್ಲವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ಧಣಿಗಳಲ್ಲಿ ಒಂದು ಮಾತು

ಹೋಟೆಲು ಧಣಿಗಳಾದ ನಮ್ಮ ಹಳೆಯ ಸಹೋದ್ಯೋಗಿಗಳಿಗೂ ಒಂದು ವಿನಂತಿಯಿದೆ. ಒಬ್ಬ ಮಾಣಿ ಇಲ್ಲದಿದ್ದರೆ ಆ ದಿನ ಎಷ್ಟು ತೊಂದರೆಯೆಂಬುದನ್ನು ನಾವು ಬಲ್ಲೆವು. ಆ ಲೆಕ್ಕವನ್ನು ಹದಿನೈದು ವರ್ಷ ಹಾಕಿದವರು ನಾವು. ಆದರೆ ಇನ್ನೊಂದು ಲೆಕ್ಕವನ್ನು ನಾವು ಆಗ ಹಾಕಲಿಲ್ಲ. ದುಡಿಯುವ ಊರನ್ನು ಅಡಿಗೆಮನೆಯ ಕಿಟಕಿಯಿಂದ ಮಾತ್ರ ಕಂಡವನಿಗೆ ಅದು ಎಂದಿಗೂ ಪರಸ್ಥಳವೇ. ವರ್ಷಗಳುರುಳಿದರೂ ಅವನ ಮನಸ್ಸು ಊರಿನ ಬಸ್ಸಿನಲ್ಲಿಯೇ ಕುಳಿತಿರುತ್ತದೆ. ಯಾರಾಡದಿಂದ ಮರಳಿದ ಮೇಲೆ ನಮ್ಮ ಕುಂದಾಪುರದ ಹುಡುಗನು ಊರಿಗೆ ಫೋನು ಮಾಡಿ, “ಅಮ್ಮಾ, ನಮ್ಮ ಕಡಲು ನೋಡಿ ಬಂದೆ” ಎಂದು ಹೇಳಿದುದನ್ನು ನಾವು ಪಕ್ಕದಲ್ಲಿ ನಿಂತು ಕೇಳಿದೆವು. ‘ಇಲ್ಲಿಯ ಕಡಲು’ ಎನ್ನಲಿಲ್ಲ. ‘ನಮ್ಮ ಕಡಲು’ ಎಂದನು. ಅದಕ್ಕೆ ಬೇಕಾದದ್ದು ಒಂದು ಬೆಳಗು.

ಈ ಲೇಖನವನ್ನು ಬರೆಯಲು ಕುಳಿತ ದಿನ ಬೈಂದೂರಿನ ಭಟ್ಟರಿಗೂ ಫೋನು ಮಾಡಿದೆವು. ಅವರೀಗ ಮಗನ ಮನೆಯಲ್ಲಿದ್ದಾರೆ. ಕೋಲು ಹಿಡಿದು ಜಗಲಿಯವರೆಗೆ ನಡೆಯುತ್ತಾರೆ. ಯಾರಾಡಕ್ಕೆ ಹೋದುದನ್ನು ತಿಳಿಸಿದೆವು. ಬಹಳ ಸಂತೋಷವೆಂದರು.

“ಅಲ್ಲಿ ಸೂರ್ಯ ನೀರಿನಿಂದಲೇ ಏಳುತ್ತಾನಂತೆ, ಹೌದೇ ರಾಯರೇ?” ಎಂದು ಕೇಳಿದರು.

ಹೌದೆಂದೆವು.

“ನಮ್ಮ ಹೋಟೆಲಿನಿಂದ ಎಷ್ಟು ದೂರ?”

ಹನ್ನೆರಡು ಕಿಲೋಮೀಟರು ಇರಬಹುದೆಂದೆವು. ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಅಷ್ಟೆಯೇ?” ಎಂದರು.

ಕ್ಷಮೆ ಕೇಳಬೇಕೆಂದುಕೊಂಡಿದ್ದೆವು, ಕೇಳಿದೆವು. ಅವರು ಅದನ್ನು ಮಾತಿಗೆ ತೆಗೆದುಕೊಳ್ಳದೆ ಹುಡುಗರಿಗೆ ತಿಂಡಿ ಏನು ಕಟ್ಟಿಕೊಂಡು ಹೋಗಿದ್ದಿರಿ ಎಂದು ವಿಚಾರಿಸಿದರು.

ಮುಂದಿನ ರಜೆಯ ದಿನ ಈ ದಾರಿಗಳಲ್ಲಿ ಹೋಗಿಬಂದ ಬಂಧುಗಳು ತಮ್ಮ ಅನುಭವವನ್ನು ನಾಲ್ಕು ಸಾಲು ಬರೆದು ಕಳುಹಿಸಿದರೆ ಈ ಅಂಕಣದಲ್ಲಿ ಪ್ರಕಟಿಸುತ್ತೇವೆ. ಬರೆಯಲು ಬಾರದೆಂದು ಸಂಕೋಚ ಬೇಡ. ಕಚೇರಿಗೆ ಬಂದು ಹೇಳಿದರೆ ನಾವೇ ಬರೆದುಕೊಳ್ಳುತ್ತೇವೆ.